ಮೊದಲು ಮೋರಿ, ಆಮೇಲೆ ಮರ

ಮಲ್ಲೇಶ್ವರದ ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣಕ್ಕೆ ಇವತ್ತು ಒಂದು ಮಾಲ್‌ನ ಹೆಸರಿದೆ. ನಮ್ಮಮ್ಮನಿಗೆ ಆ ಜಾಗ ಇನ್ನೂ ರಾಜಾ ಮಿಲ್. ಆಟೋದವರಿಗೂ ಹಾಗೇ ಹೇಳುತ್ತಾರೆ. ವಯಸ್ಸಾದ ಡ್ರೈವರ್ ಆದರೆ ಸುಮ್ನೆ ಮೀಟರ್ ಹಾಕುತ್ತಾನೆ. ಹುಡುಗರಾದರೆ ತಿರುಗಿ ನೋಡುತ್ತಾರೆ, ಆಗ ಪಕ್ಕದಲ್ಲಿ ಕೂತ ನಾನು ಮಾಲ್‌ನ ಹೆಸರು ಹೇಳಬೇಕು.

ನಮ್ಮಪ್ಪ ಮಾಗಡಿ ರಸ್ತೆ ಕಡೆಯ ಒಂದು ಬಟ್ಟೆ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಸ್ಪಿನ್ನಿಂಗ್‌ನಲ್ಲಿ ಇದ್ದರು. ರಾತ್ರಿ ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೆ, ಕಿವಿಯ ಮೇಲಿನ ಕೂದಲಿನಲ್ಲಿ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ಅಮ್ಮ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಒದ್ದೆ ಟವೆಲ್ಲಿನಲ್ಲಿ ಒರೆಸುತ್ತಿದ್ದರು. ಆ ಟವೆಲ್ಲು ಒಣಗಿದ ಮೇಲೂ ಎಣ್ಣೆಯ ವಾಸನೆ ಬರುತ್ತಿತ್ತು. ಮಿಷನ್ನಿನ ಎಣ್ಣೆ. ಈ ಎಣ್ಣೆಯನ್ನು ನೆನಪಿಟ್ಟುಕೊಳ್ಳಿ, ಮಾತಿನ ಕೊನೆಗೆ ಅದು ಬೇಕಾಗುತ್ತದೆ.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಮೂವತ್ತು ವರ್ಷ ಮಾಡಿದ್ದು ಒಳಚರಂಡಿ ಕೆಲಸ. ಹಾಗಾಗಿ ಊರು ಅಂದರೆ ನನಗೆ ಮೊದಲು ಕಾಣೋದು ನೆಲದ ಕೆಳಗಿನ ಊರು. ಹಳೇ ಕಾರ್ಖಾನೆ ಜಾಗಗಳನ್ನು ಹಸಿರು ಮಾಡಬೇಕು ಅನ್ನೋ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ನನಗೆ ಅದರಿಂದ ನಿಜವಾಗಿ ಖುಷಿಯಾಗಿದೆ. ಆದರೆ ಈ ಮಾತು ಶುರುವಾಗುವುದೇ ಗಿಡ ನೆಡೋದರಿಂದ. ಮಂತ್ರಿಗಳು ಬರುತ್ತಾರೆ, ಗುಂಡಿ ತೋಡಿರುತ್ತದೆ, ಗಿಡ ಇಟ್ಟು ನೀರು ಹಾಕುತ್ತಾರೆ. ನಾನು ಹೇಳೋಕೆ ಬಂದಿರುವುದು ಇಷ್ಟೇ: ಗಿಡ ನೆಡೋದು ಕೊನೆಯ ಕೆಲಸ. ಅದಕ್ಕೂ ಮೊದಲು ಜಮೀನು ಯಾರ ಕೈಯಲ್ಲಿದೆ ಅಂತ ನೋಡಬೇಕು. ಆಮೇಲೆ ಮೋರಿ ಸರಿ ಮಾಡಬೇಕು. ಆಮೇಲೆ ಮಣ್ಣು. ಇವು ಮೂರೂ ಆದರೆ ಎಷ್ಟೋ ಗಿಡ ತಾವಾಗಿಯೇ ಬರುತ್ತವೆ. ಇದನ್ನು ನಾನು ಕಣ್ಣಾರೆ ನೋಡಿದ್ದು ಜರ್ಮನಿಯಲ್ಲಿ, ರೂರ್ ಅನ್ನುವ ಸೀಮೆಯಲ್ಲಿ.

ರೂರ್ ಅಂದರೆ ಒಂದೇ ಊರಲ್ಲ. ಡಾರ್ಟ್‌ಮುಂಡ್, ಬೋಖುಮ್, ಎಸ್ಸೆನ್, ಗೆಲ್ಸೆನ್‌ಕಿರ್ಶೆನ್, ಒಬರ್‌ಹೌಸೆನ್, ಡ್ಯೂಸ್‌ಬುರ್ಗ್ ಹೀಗೆ ಒಂದಕ್ಕೊಂದು ಅಂಟಿಕೊಂಡ ಊರುಗಳ ಸಾಲು. ಕೆಳಗೆ ಕಲ್ಲಿದ್ದಲು, ಮೇಲೆ ಉಕ್ಕಿನ ಕಾರ್ಖಾನೆ. ಊರಿಗೂ ಕಾರ್ಖಾನೆಗೂ ನಡುವೆ ಒಂದು ಕಾಂಪೌಂಡ್ ಗೋಡೆಯಷ್ಟೇ ಅಂತರ. ಕೆಲಸಗಾರರ ವಠಾರಗಳು ಗಣಿ ಬಾಗಿಲಲ್ಲೇ. ಎರಡನೇ ಮಹಾಯುದ್ಧದ ನಂತರ ಆ ದೇಶ ಎದ್ದು ನಿಂತದ್ದು ಈ ಸೀಮೆಯ ಬೆವರಿನಿಂದ. 1950ರ ದಶಕದ ಕೊನೆಗೆ ಕಲ್ಲಿದ್ದಲಿಗೆ ಬೇಡಿಕೆ ಕುಸಿಯಿತು. 70ರ ದಶಕದಲ್ಲಿ ಉಕ್ಕಿಗೂ ಅದೇ ಗತಿ. ಒಂದೊಂದಾಗಿ ಬಾಗಿಲು ಮುಚ್ಚತೊಡಗಿದವು. ಕೊನೆಯ ಕಲ್ಲಿದ್ದಲು ಗಣಿ ಬೊಟ್ರೊಪ್ ಊರಿನಲ್ಲಿ ಮುಚ್ಚಿದ್ದು 2018ರ ಡಿಸೆಂಬರ್‌ನಲ್ಲಿ. ಕೊನೆಯ ಕಲ್ಲಿದ್ದಲಿನ ಗಟ್ಟಿಯನ್ನು ಗಣಿಯವರು ಮೇಲೆ ತಂದು ದೇಶದ ಅಧ್ಯಕ್ಷರ ಕೈಗೆ ಕೊಟ್ಟರು.

ಕಾರ್ಖಾನೆ ಮುಚ್ಚಿದಾಗ ಮೊದಲು ಏಳುವ ಪ್ರಶ್ನೆ ಜಮೀನಿನದು. ಇದರಲ್ಲಿ ಮುಂಬಯಿಯ ಕಥೆ ನಮಗೆ ಹತ್ತಿರದ್ದು. ಪರೇಲ್, ಲಾಲ್‌ಬಾಗ್, ವರ್ಲಿ ಕಡೆಯ ಗಿರಣ್‌ಗಾಂವ್, ಅಂದರೆ ಗಿರಣಿಗಳ ಊರು. 1982ರ ಜನವರಿ 18ಕ್ಕೆ ದತ್ತಾ ಸಾಮಂತ್ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಮುಷ್ಕರಕ್ಕೆ ಇಳಿದರು. ಆಮೇಲೆ ಎಷ್ಟೋ ಮಿಲ್ಲುಗಳು ಮತ್ತೆ ಸರಿಯಾಗಿ ಶುರುವಾಗಲೇ ಇಲ್ಲ. ನಗರದ ನಡುಮಧ್ಯೆ ಸುಮಾರು 600 ಎಕರೆ ಖಾಲಿ ಬಿತ್ತು. 1991ರಲ್ಲಿ ಒಂದು ಒಳ್ಳೆಯ ನಿಯಮ ಬಂತು. ಮಿಲ್ ಜಮೀನನ್ನು ಮೂರು ಪಾಲು ಮಾಡಿ. ಒಂದು ಪಾಲು ನಗರಪಾಲಿಕೆಗೆ, ಪಾರ್ಕು ಮೈದಾನಕ್ಕೆ. ಒಂದು ಪಾಲು ಸರ್ಕಾರದ ವಸತಿ ಮಂಡಳಿಗೆ, ಬಡವರ ಮನೆಗೆ. ಉಳಿದದ್ದು ಮಾಲೀಕರಿಗೆ. ಎಷ್ಟು ಸರಳ ಲೆಕ್ಕ, ಅಲ್ವಾ?

2001ರಲ್ಲಿ ಆ ನಿಯಮಕ್ಕೆ ತಿದ್ದುಪಡಿ ಬಂತು. ಮೂರು ಪಾಲು ಮಾಡಬೇಕಾದದ್ದು ಮಿಲ್ ಕಟ್ಟಡ ಇಲ್ಲದ ಖಾಲಿ ಜಾಗವನ್ನು ಮಾತ್ರ ಅಂತಾಯಿತು. ಮಿಲ್ಲು ಅಂದರೆ ಕಾಂಪೌಂಡ್ ತುಂಬಾ ಕಟ್ಟಡ. ಖಾಲಿ ಜಾಗ ಎಷ್ಟಿರುತ್ತದೆ ಹೇಳಿ? ಜನ ಕೋರ್ಟಿಗೆ ಹೋದರು. 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಊರಿಗೆ ಸಿಗಬೇಕಾಗಿದ್ದ ಬಯಲು ಒಂದು ವಾಕ್ಯದ ತಿದ್ದುಪಡಿಯಲ್ಲಿ ಕರಗಿ ಹೋಯಿತು. ಇವತ್ತು ಅಲ್ಲಿ ಗಾಜಿನ ಗೋಪುರಗಳಿವೆ, ಮಾಲ್‌ಗಳಿವೆ. ಮರಗಳೂ ಇವೆ, ಕಾಂಪೌಂಡ್ ಒಳಗೆ. ಹೊರಗಿನವರು ಅವನ್ನು ಗೇಟಿನ ಸಂದಿಯಿಂದ ನೋಡಬೇಕು.

ರೂರ್‌ನಲ್ಲಿ ಹಿಡಿದ ದಾರಿ ಬೇರೆ. 1980ರ ಹೊತ್ತಿಗೆ ಆ ರಾಜ್ಯ ಸರ್ಕಾರ ಒಂದು ಜಮೀನು ನಿಧಿ ಕಟ್ಟಿತು. ಮೊದಲಿಗೆ 50 ಕೋಟಿ ಮಾರ್ಕ್, ಅಂದರೆ ಆಗಿನ ಜರ್ಮನ್ ಹಣ, ತೆಗೆದಿಟ್ಟಿತು. ಮುಚ್ಚಿದ ಗಣಿ, ಮುಚ್ಚಿದ ಕಾರ್ಖಾನೆಗಳ ಜಾಗವನ್ನು ಆ ನಿಧಿಯಿಂದ ಕೊಂಡುಕೊಳ್ಳುವುದು, ಶುಚಿ ಮಾಡುವುದು, ಏನು ಮಾಡಬೇಕು ಅಂತ ಆಮೇಲೆ ತೀರ್ಮಾನಿಸುವುದು. ಅವಸರ ಇಲ್ಲ. ಬಿಲ್ಡರ್ ಬಂದು ಬಾಗಿಲು ತಟ್ಟುವ ಮೊದಲೇ ಜಮೀನು ಊರಿನ ಕೈಯಲ್ಲಿ. ನಾನು ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಜರ್ಮನಿಗೆ ಹೋಗಿ ಬಂದವರೆಲ್ಲ ಅಲ್ಲಿನ ಪಾರ್ಕಿನ ಫೋಟೋ ತೋರಿಸುತ್ತಾರೆ. ಈ ನಿಧಿಯ ಫೋಟೋ ತೆಗೆಯಲು ಬರುವುದಿಲ್ಲ.

ಆಮೇಲೆ 1989ರಲ್ಲಿ ಹತ್ತು ವರ್ಷದ ಒಂದು ದೊಡ್ಡ ಕಾರ್ಯಕ್ರಮ ಶುರುವಾಯಿತು. ಎಂಶರ್ ಪಾರ್ಕ್ ಅಂತ ಹೆಸರು. ಕಾರ್ಲ್ ಗಾನ್ಸರ್ ಅನ್ನುವವರು ಅದರ ಮುಖ್ಯಸ್ಥರು. 17 ಊರುಗಳು, ನೂರಕ್ಕೂ ಜಾಸ್ತಿ ಯೋಜನೆಗಳು, 1999ಕ್ಕೆ ಮುಕ್ತಾಯ. ಎಂಶರ್ ಅನ್ನುವುದು ನದಿಯ ಹೆಸರು. ಗಮನಿಸಿ, ಕಾರ್ಯಕ್ರಮಕ್ಕೆ ಅವರು ಹೆಸರಿಟ್ಟಿದ್ದು ಆ ಸೀಮೆಯ ಅತ್ಯಂತ ಕೊಳಕು ಮೋರಿಯದು.

ಇನ್ನು ಸ್ವಲ್ಪ ಹೊತ್ತು ನನ್ನ ಪ್ರೀತಿಯ ವಿಷಯಕ್ಕೆ ಬರುತ್ತೇನೆ, ಒಳಚರಂಡಿ.

ಎಂಶರ್ ಸುಮಾರು 80 ಕಿಲೋಮೀಟರ್ ಉದ್ದದ ಸಣ್ಣ ನದಿ. ನಿಧಾನಕ್ಕೆ ಹರಿದು ರೈನ್ ನದಿ ಸೇರುತ್ತದೆ. ಗಣಿಗಳು ಬಂದ ಮೇಲೆ ಅಲ್ಲಿ ಲಕ್ಷಾಂತರ ಜನ ಬಂದು ತುಂಬಿಕೊಂಡರು. ಮನೆಯ ಕೊಳಚೆ, ಗಣಿಯ ನೀರು, ಕಾರ್ಖಾನೆಯ ವಿಷ ಎಲ್ಲ ಎಂಶರ್‌ಗೆ. ಕಾಲರಾ ಬಂತು, ಟೈಫಾಯಿಡ್ ಬಂತು. ಒಳಚರಂಡಿ ಕೊಳವೆ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹಾಕೋಕೆ ಆಗುತ್ತಿರಲಿಲ್ಲ. ಕೆಳಗೆ ಕಲ್ಲಿದ್ದಲು ಅಗೆದ ಹಾಗೆ ಮೇಲಿನ ನೆಲ ಕುಸಿಯುತ್ತಿತ್ತು. ಕೆಲವು ಕಡೆ 20 ಮೀಟರಿಗಿಂತ ಜಾಸ್ತಿ ಕುಸಿದಿದೆ. ಅಂದರೆ ಆರು ಮಹಡಿ ಮನೆಯಷ್ಟು! ನೆಲ ಕುಸಿದರೆ ಕೊಳವೆ ಒಡೆಯುತ್ತದೆ, ಇಳಿಜಾರು ತಿರುಗುಮುರುಗು ಆಗುತ್ತದೆ. ಇಳಿಜಾರು ತಪ್ಪಿದ ಮೋರಿ ಅಂದರೆ ಏನು ಅಂತ ಮಳೆಗಾಲದಲ್ಲಿ ತಗ್ಗಿನ ಮನೆಗಳಲ್ಲಿ ಇರುವವರನ್ನು ಕೇಳಿ.

ಹಾಗಾಗಿ ನದಿಯನ್ನೇ ನೆಟ್ಟಗೆ ಮಾಡಿ, ತಳಕ್ಕೆ ಕಾಂಕ್ರೀಟ್ ಹಾಕಿ, ಎರಡೂ ಕಡೆ ಏರಿ ಕಟ್ಟಿ ತೆರೆದ ಮೋರಿ ಮಾಡಿದರು. ಪಕ್ಕದಲ್ಲಿ ಬೇಲಿ ಹಾಕಿ ಪ್ರಾಣಾಪಾಯ ಅಂತ ಬೋರ್ಡು. ನೆಲ ಕುಸಿದು ನೀರು ಹರಿಯದೆ ನಿಂತಾಗ, ರೈನ್ ಸೇರುವ ಜಾಗವನ್ನೇ ಎರಡು ಸಲ ಉತ್ತರಕ್ಕೆ ಸರಿಸಿದರು. ಅಲ್ಲಿನ ಜನ ಆಡುಮಾತಿನಲ್ಲಿ ಅದಕ್ಕೆ ಕೊಟ್ಟೆಲ್‌ಬೆಕೆ ಅನ್ನುತ್ತಿದ್ದರು. ಮಲದ ಹಳ್ಳ ಅಂತ ಅರ್ಥ. ಅದನ್ನು ಕೇಳಿದ ಕೂಡಲೇ ನನಗೆ ನೆನಪಾಗಿದ್ದು ನಮ್ಮ ಕೆಂಗೇರಿ ಮೋರಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಅಂತ ನಂಬಿದ ನದಿ ವೃಷಭಾವತಿ. ಗಾಳಿ ಆಂಜನೇಯನ ಗುಡಿ ದಾಟುವ ಹೊತ್ತಿಗೆ ಅವಳ ಹೆಸರು ಯಾರ ಬಾಯಲ್ಲೂ ಇರುವುದಿಲ್ಲ. ಕೆಂಗೇರಿಯಲ್ಲಿ ಅವಳು ಬರೀ ಮೋರಿ. ಅಲ್ಲಿಂದ ಬೈರಮಂಗಲ, ಆಮೇಲೆ ಅರ್ಕಾವತಿ, ಆಮೇಲೆ ಕಾವೇರಿ. ಹೆಸರು ಕಳೆದುಕೊಂಡ ನದಿಗೆ ಕಸ ಹಾಕಲು ಯಾರಿಗೂ ಕೈ ನಡುಗುವುದಿಲ್ಲ.

ಎಂಶರ್‌ನಲ್ಲಿ ಒಂದು ವ್ಯವಸ್ಥೆ ಇತ್ತು, ಅದನ್ನು ನಾನು ತುಂಬಾ ಮೆಚ್ಚುತ್ತೇನೆ. 1899ರಲ್ಲೇ ಅಲ್ಲಿನ ಊರುಗಳು, ಗಣಿಗಳು, ಕಾರ್ಖಾನೆಗಳು ಸೇರಿ ಒಂದು ಸಹಕಾರ ಸಂಘ ಕಟ್ಟಿದವು. ನಮ್ಮ ಹಾಲಿನ ಸೊಸೈಟಿ ಇದ್ದ ಹಾಗೆ. ಆದರೆ ಇಲ್ಲಿ ಹಾಲು ಹಾಕಿ ದುಡ್ಡು ತಗೊಳ್ಳೋದಲ್ಲ, ಕೊಳೆ ಬಿಟ್ಟು ದುಡ್ಡು ಕೊಡೋದು. ಯಾರಿಂದ ನದಿಗೆ ಎಷ್ಟು ಹೊರೆಯೋ ಅವರು ಅಷ್ಟು ಕಟ್ಟಬೇಕು. ಸದಸ್ಯನಾಗಲ್ಲ ಅನ್ನೋ ಹಾಗಿಲ್ಲ. ಆ ಸಂಘ ಎರಡು ಮಹಾಯುದ್ಧ ದಾಟಿ ಇವತ್ತಿಗೂ ಇದೆ.

ಗಣಿಗಳು ಮುಚ್ಚುತ್ತಾ ಬಂದ ಹಾಗೆ ನೆಲ ಕುಸಿಯೋದು ನಿಂತಿತು. ಆಗ ಅದೇ ಸಂಘ ತೀರ್ಮಾನ ಮಾಡಿತು: ಇನ್ನು ಕೊಳವೆ ಹಾಕೋಣ. ಕೆಲಸ ಶುರುವಾಗಿದ್ದು 1992ರ ಸುಮಾರಿಗೆ. ಎಂಶರ್‌ನ ಪಕ್ಕದಲ್ಲೇ ನೆಲದ ಕೆಳಗೆ ಡಾರ್ಟ್‌ಮುಂಡ್‌ನಿಂದ ಡಿನ್ಸ್‌ಲಾಕನ್‌ವರೆಗೆ 51 ಕಿಲೋಮೀಟರ್ ಉದ್ದದ ಮುಖ್ಯ ಕೊಳವೆ. ಆಳ ಕೆಲವು ಕಡೆ 40 ಮೀಟರಿನವರೆಗೆ. ಅಷ್ಟು ಆಳ ಯಾಕೆ? ಕೊಳಚೆ ತಾನಾಗಿ ಹರಿಯಬೇಕಾದರೆ ಕಿಲೋಮೀಟರಿಗೆ ಒಂದೂವರೆ ಮೀಟರ್ ಇಳಿಜಾರು ಬೇಕು. ನೆಲ ಚಪ್ಪಟೆ, ಕೊಳವೆ ಮಾತ್ರ ಇಳಿಯುತ್ತಾ ಹೋಗುತ್ತದೆ. ತುಂಬಾ ಇಳಿದ ಕಡೆ ಪಂಪ್ ಹಾಕಿ ಮೇಲೆತ್ತಿ ಮತ್ತೆ ಇಳಿಸಬೇಕು. ಮೂರು ಕಡೆ ಅಂಥ ಪಂಪ್‌ಹೌಸ್ ಕಟ್ಟಿದ್ದಾರೆ. ಒಟ್ಟು ಖರ್ಚು ಸುಮಾರು 550 ಕೋಟಿ ಯುರೋ. ಕೊಳಚೆ ನದಿಗೆ ಬೀಳೋದು ಪೂರ್ತಿ ನಿಂತಿದ್ದು 2021ರ ಕೊನೆಗೆ.

ಮೂವತ್ತು ವರ್ಷ! ನಮ್ಮಲ್ಲಿ ಆರು ಚುನಾವಣೆ. ಈ ಮೂವತ್ತು ವರ್ಷದಲ್ಲಿ ರಿಬ್ಬನ್ ಕತ್ತರಿಸಲು ಮೇಲೆ ಕಂಡದ್ದು ಬಹಳ ಕಡಿಮೆ. ಆದರೆ ಕೊಳಚೆ ನಿಂತ ಉಪನದಿಗಳಲ್ಲಿ ಮೊದಲು ಕಾಂಕ್ರೀಟ್ ಕಿತ್ತರು, ನೀರಿಗೆ ಡೊಂಕಾಗಿ ಹರಿಯಲು ಜಾಗ ಕೊಟ್ಟರು. ದಡದಲ್ಲಿ ಹುಲ್ಲು ಬಂತು, ಕೊಡತಿ ಹುಳ ಬಂತು, ಮೀನು ಬಂತು, ಮಿಂಚುಳ್ಳಿ ಬಂತು.

ಈಗ ಡ್ಯೂಸ್‌ಬುರ್ಗ್‌ಗೆ ಬನ್ನಿ. ಊರಿನ ಮೈಡರಿಶ್ ಅನ್ನುವ ಭಾಗದಲ್ಲಿ ಥೈಸೆನ್ ಕಂಪನಿಯ ಕಬ್ಬಿಣದ ಕಾರ್ಖಾನೆ. 1900ರ ದಶಕದ ಶುರುವಿನಲ್ಲಿ ಕಟ್ಟಿದ್ದು. ಅದಿರು ಕರಗಿಸುವ ದೊಡ್ಡ ಊದುಕುಲುಮೆಗಳು. ಯುರೋಪಿನಲ್ಲಿ ಉಕ್ಕು ಬೇಕಾದ್ದಕ್ಕಿಂತ ಜಾಸ್ತಿಯಾಗಿ 1985ರಲ್ಲಿ ಬೆಂಕಿ ಆರಿತು. ಕಾರ್ಖಾನೆಯನ್ನು ಕೆಡವಿ ಗುಜರಿಗೆ ಹಾಕಬೇಕು ಅನ್ನುವ ಮಾತು ಬಂದಾಗ ಬೇಡ ಅಂತ ಅಡ್ಡ ನಿಂತದ್ದು ಊರಿನ ಜನ. ಆಮೇಲೆ ಅದನ್ನು ಪಾರ್ಕು ಮಾಡಲು ಸ್ಪರ್ಧೆ ಇಟ್ಟರು. ಪೀಟರ್ ಲಾಟ್ಸ್ ಅನ್ನುವ ವಿನ್ಯಾಸಕಾರರ ಯೋಜನೆ ಆಯ್ಕೆಯಾಯಿತು. 1994ರಲ್ಲಿ ಜನರಿಗೆ ತೆರೆಯಿತು. ಸುಮಾರು 180 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 440 ಎಕರೆ. ನಮ್ಮ ಲಾಲ್‌ಬಾಗ್ 240 ಎಕರೆ. ಹತ್ತಿರ ಹತ್ತಿರ ಎರಡು ಲಾಲ್‌ಬಾಗ್.

ನಾನು ಮೊದಲ ಸಲ ಹೋದದ್ದು ಒಂದು ಅಕ್ಟೋಬರ್ ಬೆಳಿಗ್ಗೆ. ಟಿಕೆಟ್ ಎಲ್ಲಿ ಅಂತ ಹುಡುಕಿದೆ. ಟಿಕೆಟ್ ಇಲ್ಲ. ಹಗಲು ರಾತ್ರಿ ಯಾರು ಬೇಕಾದರೂ ಬರಬಹುದು. ಒಬ್ಬ ಅಜ್ಜಿ ತರಕಾರಿ ಚೀಲ ಹಿಡಿದು ಕುಲುಮೆಯ ಪಕ್ಕದ ದಾರಿಯಲ್ಲಿ ಮನೆಗೆ ಹೋಗುತ್ತಿದ್ದರು. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ವಿಷಯವಾಗಿ ಕಂಡಿತು. ಸುಮಾರು ತೊಂಬತ್ತು ವರ್ಷ ಗೋಡೆ ಹಾಕಿಕೊಂಡಿದ್ದ ಜಾಗ ಈಗ ಅವರ ಅಡ್ಡದಾರಿ.

ನಡುವೆ ಒಂದು ಅಂಗಳ ಇದೆ. ನೆಲಕ್ಕೆ 49 ಕಬ್ಬಿಣದ ಹಲಗೆ ಹಾಸಿದ್ದಾರೆ, ಏಳರ ಏಳು ಸಾಲು. ಒಂದೊಂದೂ ಏಳೆಂಟು ಟನ್ ತೂಕ. ಮೊದಲು ಕುಲುಮೆಯ ಎರಕದ ಜಾಗದಲ್ಲಿ ಕಾದ ಕಬ್ಬಿಣದ ಕೆಳಗೆ ಇದ್ದವು. ನಾನು ಕೂತು ಮುಟ್ಟಿ ನೋಡಿದೆ. ಮೇಲ್ಮೈ ಸಮ ಇಲ್ಲ. ಕಾದ ಲೋಹ ಹರಿದು ತಿಂದುಹಾಕಿದ ಗೆರೆಗಳು, ಬೆರಳು ಇಳಿಯುವಷ್ಟು ತಗ್ಗುಗಳು. ರಾತ್ರಿಯ ಮಳೆ ನೀರು ಆ ತಗ್ಗುಗಳಲ್ಲಿ ನಿಂತಿತ್ತು. ತುಕ್ಕು ಬೆರೆತು ಚಹಾದ ಬಣ್ಣ. ಸುತ್ತ ಮರಗಳನ್ನು ಸಾಲಾಗಿ ನೆಟ್ಟಿದ್ದಾರೆ. ಹಳದಿ ಎಲೆ ಒಂದೊಂದಾಗಿ ಆ ನೀರಿಗೆ ಬೀಳುತ್ತಿತ್ತು.

ನಮ್ಮನ್ನು ಸುತ್ತಾಡಿಸಿದವರು ಅಲ್ಲೇ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು. 5ನೇ ಕುಲುಮೆಯನ್ನು ಮೆಟ್ಟಿಲು ಹತ್ತಿ ಮೇಲಿನವರೆಗೆ ನೋಡಬಹುದು. ಅವರು ನನಗಿಂತ ಬೇಗ ಹತ್ತಿದರು. ಕಬ್ಬಿಣ ಹೊರಬರುವ ತೂತಿನ ಹತ್ತಿರ ನಿಂತು, ಉದ್ದದ ಸರಳು ಹಿಡಿದು ಚುಚ್ಚುವುದು ಹೇಗೆ ಅಂತ ಬರಿಗೈಯಲ್ಲಿ ಮಾಡಿ ತೋರಿಸಿದರು. ಸರಳು ಕೈಯಲ್ಲಿಲ್ಲ. ಆದರೂ ಅವರ ಭುಜ ಬಿಸಿ ತಾಗಿದ ಹಾಗೆ ಹಿಂದಕ್ಕೆ ಸರಿಯಿತು. ನಮ್ಮಪ್ಪ ಕೂಡ ಹೀಗೇ. ಕೊನೆಗಾಲದಲ್ಲಿ ಮಂಚದ ಮೇಲೆ ಕೂತು ಮೊಮ್ಮಗನಿಗೆ ಎಳೆ ತುಂಡಾದರೆ ಹೆಬ್ಬೆರಳು ತೋರುಬೆರಳಲ್ಲಿ ಹೇಗೆ ಹೊಸೆದು ಕೂಡಿಸಬೇಕು ಅಂತ ತೋರಿಸುತ್ತಿದ್ದರು. ಆ ಜರ್ಮನ್ ಹಿರಿಯರಿಗೆ ತೋರಿಸಲು ಕುಲುಮೆ ಉಳಿದಿತ್ತು. ನಮ್ಮಪ್ಪನಿಗೆ ಬೆರಳು ಮಾತ್ರ ಉಳಿದಿತ್ತು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಅನಿಲ ತುಂಬುತ್ತಿದ್ದ ದೊಡ್ಡ ಟ್ಯಾಂಕಿಗೆ ಎರಡು ಕೋಟಿ ಲೀಟರಿಗೂ ಮಿಕ್ಕಿ ನೀರು ತುಂಬಿಸಿ ಡೈವಿಂಗ್ ಕಲಿಸುತ್ತಾರೆ. ಅದಿರು ಸುರಿಯುತ್ತಿದ್ದ ಕಾಂಕ್ರೀಟ್ ತೊಟ್ಟಿಗಳ ಗೋಡೆ ಹತ್ತಲು ಪರ್ವತಾರೋಹಿ ಕ್ಲಬ್ಬಿನವರು ಬರುತ್ತಾರೆ. ರಾತ್ರಿ ಬಣ್ಣದ ದೀಪ ಹಾಕುತ್ತಾರೆ. ಚೆನ್ನಾಗಿದೆ.

ಆದರೆ ಆ ತೊಟ್ಟಿಗಳ ಬಗ್ಗೆ ಇನ್ನೂ ಒಂದು ಮಾತಿದೆ, ಅದು ಮಣ್ಣಿನ ಮಾತು. ಕಾರ್ಖಾನೆ ನೆಲ ಅಂದರೆ ಬರೀ ಮಣ್ಣಲ್ಲ. ಸೀಸ, ಸತು, ಟಾರು, ಕಲ್ಲಿದ್ದಲು ಸುಟ್ಟಾಗ ಉಳಿಯುವ ರಾಸಾಯನಿಕಗಳು ಎಲ್ಲ ಸೇರಿಕೊಂಡಿರುತ್ತವೆ. ಅವರು ಮೊದಲು ಪರೀಕ್ಷೆ ಮಾಡಿದರು. ಅದಿರಿನ ಪುಡಿಯನ್ನು ಸುಟ್ಟು ಗಟ್ಟಿ ಮಾಡುತ್ತಿದ್ದ ಘಟಕದ ಸುತ್ತ ವಿಷ ಬಹಳ ಜಾಸ್ತಿ ಇತ್ತು. ಆ ಘಟಕವನ್ನು ಮಾತ್ರ ಕೆಡವಿದರು. ವಿಷದ ಮಣ್ಣು, ಕಲ್ಲುಪುಡಿಯನ್ನು ಹಳೇ ತೊಟ್ಟಿಗಳಿಗೆ ತುಂಬಿ ಮೇಲಿನಿಂದ ಮುಚ್ಚಿದರು. ಲಾರಿಯಲ್ಲಿ ಹೇರಿ ಇನ್ನೊಂದು ಊರಿನ ಹೊರಗೆ ಸುರಿಯಲಿಲ್ಲ. ಇದು ನನಗೆ ಬಹಳ ಮುಖ್ಯ. ನಮ್ಮ ಕೊಳೆಯನ್ನು ಊರಾಚೆಯ ಹಳ್ಳಿಗೆ ಸಾಗಿಸಿದ್ದನ್ನೇ ಶುಚಿ ಮಾಡಿದೆವು ಅಂತ ಅಂದುಕೊಳ್ಳುವ ಅಭ್ಯಾಸ ನಮಗಿದೆ. 2001ರ ಫೆಬ್ರುವರಿಯಲ್ಲಿ ಮುಚ್ಚಿದ ಕೆಜಿಎಫ್ ಗಣಿಯ ಸೈನೈಡ್ ದಿಬ್ಬಗಳು ಇವತ್ತಿಗೂ ಅಲ್ಲೇ ಇವೆ. ಗಾಳಿ ಬೀಸಿದರೆ ಆ ಪುಡಿ ಊರಿನ ಮೇಲೆ ಹಾರುತ್ತದೆ. ಅಲ್ಲಿನವರಿಗೆ ಅದರ ರುಚಿ ಗೊತ್ತು.

ಡ್ಯೂಸ್‌ಬುರ್ಗ್‌ನಲ್ಲಿ ಸ್ವಲ್ಪ ಕಡಿಮೆ ವಿಷ ಇದ್ದ ಕಡೆ ಮಣ್ಣನ್ನು ಹಾಗೇ ಬಿಟ್ಟರು. ಮುಟ್ಟಲಿಲ್ಲ. ಅಲ್ಲಿ ಬಿರ್ಚ್ ಮರಗಳು ತಾವೇ ಬಂದವು. ಕಪ್ಪು ನೆಲ, ಬಿಳಿ ಕಾಂಡ. ಹೊರದೇಶಗಳಿಂದ ಬಂದ ಅದಿರಿನ ಜೊತೆ ಬಂದ ಬೀಜಗಳೂ ಮೊಳೆತಿವೆ. ಈಗ ಆ ಪಾರ್ಕಿನಲ್ಲಿ 700ಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ. ಬಹಳಷ್ಟನ್ನು ಯಾರೂ ನೆಡಲಿಲ್ಲ.

ನೀರಿನದೂ ಹಾಗೇ. ಹಳೇ ಎಂಶರ್‌ನ ಒಂದು ಕವಲು ಕಾರ್ಖಾನೆ ನಡುವೆ ಮೋರಿಯಾಗಿ ಹರಿಯುತ್ತಿತ್ತು. ಕೊಳಚೆಯನ್ನು ಕೆಳಗೆ ಕೊಳವೆಗೆ ಹಾಕಿ, ಮೇಲೆ ಜೇಡಿಮಣ್ಣಿನ ಪದರ ಹಾಸಿ, ಅದರ ಮೇಲೆ ಮಳೆನೀರಿನ ಕಾಲುವೆ ಮಾಡಿದರು. ಚಾವಣಿಗಳ ಮೇಲೆ ಬಿದ್ದ ಮಳೆ ಕಾರ್ಖಾನೆಯ ಹಳೇ ಪೈಪುಗಳಲ್ಲೇ ಇಳಿದು ಆ ಕಾಲುವೆಗೆ ಬರುತ್ತದೆ. ನಮ್ಮ ರಾಜಕಾಲುವೆಗಳಲ್ಲಿ ಆಗಬೇಕಾದದ್ದು ಇಷ್ಟೇ ನೋಡಿ. ಮಳೆಗೆ ಒಂದು ದಾರಿ, ಕೊಳಚೆಗೆ ಒಂದು ದಾರಿ. ನಮ್ಮಲ್ಲಿ ಎಷ್ಟೋ ಕಡೆ ಒಳಚರಂಡಿ ಲೈನು ರಾಜಕಾಲುವೆಯ ಒಳಗೇ ಹೋಗುತ್ತದೆ. ಮ್ಯಾನ್‌ಹೋಲ್ ಉಕ್ಕಿದರೆ ಸೀದಾ ಕಾಲುವೆಗೆ. ಅದರ ದಡದಲ್ಲಿ ಟೈಲ್ಸ್ ಹಾಕಿ ಬೆಂಚು ಇಟ್ಟರೆ ಯಾರು ಕೂರುತ್ತಾರೆ?

ಮನೆಗಳ ಮಾತು ಬಿಡುವ ಹಾಗಿಲ್ಲ. ಜಾಗ ಚೆಂದ ಆದ ಕೂಡಲೇ ಬಾಡಿಗೆ ಏರುತ್ತದೆ, ಮೊದಲಿನಿಂದ ಇದ್ದವರು ಗಂಟುಮೂಟೆ ಕಟ್ಟಬೇಕು. ಇದು ನ್ಯೂಯಾರ್ಕಿನಿಂದ ಹಿಡಿದು ನಮ್ಮವರೆಗೆ ಎಲ್ಲ ಕಡೆ ಆಗಿದೆ. ರೂರ್‌ನಲ್ಲಿ ಜನ ಇದರ ವಿರುದ್ಧ ಮೊದಲೇ ಎದ್ದಿದ್ದರು. ಒಬರ್‌ಹೌಸೆನ್‌ನ ಐಸೆನ್‌ಹೈಮ್ ಆ ಸೀಮೆಯ ಅತ್ಯಂತ ಹಳೇ ಕಾರ್ಮಿಕರ ಕಾಲನಿ, 1846ರದ್ದು. 1970ರ ದಶಕದಲ್ಲಿ ಅದನ್ನು ಕೆಡವಲು ಹೊರಟಾಗ ಅಲ್ಲಿನ ನಿವಾಸಿಗಳೇ ಹೋರಾಡಿ ಉಳಿಸಿಕೊಂಡರು. ಗೆಲ್ಸೆನ್‌ಕಿರ್ಶೆನ್‌ನ ಶ್ಯುಂಗಲ್‌ಬರ್ಗ್ ಅನ್ನುವುದು ಗಣಿ ಕೆಲಸಗಾರರ ಕಾಲನಿ. ಟರ್ಕಿಯಿಂದ ಬಂದ ಕುಟುಂಬಗಳು ಜಾಸ್ತಿ. ಎಂಶರ್ ಪಾರ್ಕ್ ಕಾರ್ಯಕ್ರಮದಲ್ಲಿ ಆ ಮನೆಗಳನ್ನು ರಿಪೇರಿ ಮಾಡಿದರು. ಹಿಂದಿನ ಕೈತೋಟ ಉಳಿಸಿದರು. ಮಳೆನೀರು ಚರಂಡಿಗೆ ಹೋಗದೆ ಹುಲ್ಲಿನ ತಗ್ಗುಗಳಲ್ಲಿ ಇಂಗುವ ಹಾಗೆ ಮಾಡಿದರು. ಇದ್ದವರು ಅಲ್ಲೇ ಉಳಿಯಬೇಕು ಅನ್ನುವುದು ಯೋಜನೆಯ ಭಾಗವಾಗಿತ್ತು.

ಅಲ್ಲಿ ಎಲ್ಲವೂ ಸರಿಯಾಯಿತು ಅಂತ ನಾನು ಹೇಳಿದರೆ ಅದು ಸುಳ್ಳು. ಗೆಲ್ಸೆನ್‌ಕಿರ್ಶೆನ್‌ನಲ್ಲಿ ಇವತ್ತಿಗೂ ನಿರುದ್ಯೋಗ ಆ ದೇಶದಲ್ಲೇ ಹೆಚ್ಚಿನದು. ಒಬರ್‌ಹೌಸೆನ್‌ನಲ್ಲಿ ಹಳೇ ಉಕ್ಕಿನ ಕಾರ್ಖಾನೆ ಜಾಗದಲ್ಲಿ 1996ರಲ್ಲಿ ಭಾರಿ ಮಾಲ್ ಕಟ್ಟಿದರು. ಊರಿನ ಹಳೇ ಪೇಟೆ ಬೀದಿ ಸೊರಗಿತು. ಇನ್ನೊಂದು, ನನ್ನಂಥವರಿಗೆ ನಿದ್ದೆ ಕೆಡಿಸುವ ವಿಷಯ: ಕುಸಿದ ಆ ನೆಲದಿಂದ ನೀರನ್ನು ಪಂಪ್ ಮಾಡುತ್ತಲೇ ಇರಬೇಕು. ನಿಲ್ಲಿಸಿದರೆ ಎಷ್ಟೋ ಬಡಾವಣೆಗಳು ಕೆರೆಯಾಗುತ್ತವೆ. ಹತ್ತು ವರ್ಷ, ನೂರು ವರ್ಷ ಅಲ್ಲ, ಎಂದೆಂದಿಗೂ. ಆ ಖರ್ಚಿಗಾಗಿಯೇ ಒಂದು ಪ್ರತಿಷ್ಠಾನ ಮಾಡಿಟ್ಟಿದ್ದಾರೆ. ಕಲ್ಲಿದ್ದಲು ಸುಟ್ಟು ಬೂದಿಯಾಗಿದೆ, ಪಂಪು ಓಡುತ್ತಿದೆ.

ಇಷ್ಟು ದೂರ ಹೋಗಿ ಬಂದದ್ದು ಬೈಯಪ್ಪನಹಳ್ಳಿಗೆ ಬರುವುದಕ್ಕೆ. ಹಳೇ ಮದ್ರಾಸ್ ರಸ್ತೆಯ ಎನ್‌ಜಿಇಎಫ್ ನಿಮಗೆಲ್ಲ ಗೊತ್ತು. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಬೆಳೆದ ನಮ್ಮ ಸರ್ಕಾರಿ ಕಾರ್ಖಾನೆ. ಟ್ರಾನ್ಸ್‌ಫಾರ್ಮರ್, ಮೋಟಾರ್, ಸ್ವಿಚ್‌ಗೇರ್. ಹಳ್ಳಿಯ ಪಂಪ್‌ಸೆಟ್ಟಿನ ಮೋಟಾರಿನ ಮೇಲೆ ಆ ಹೆಸರು ನೋಡಿದವರು ಇಲ್ಲೂ ಇರಬಹುದು. ಅಲ್ಲಿ ಜರ್ಮನಿಯಲ್ಲಿ ಎಇಜಿ ಕಂಪನಿ 1996ರಲ್ಲಿ ಇಲ್ಲವಾಯಿತು. ಇಲ್ಲಿ ಎನ್‌ಜಿಇಎಫ್ 2000ದ ದಶಕದ ಶುರುವಿನಲ್ಲಿ ಮುಚ್ಚಿತು. ನೂರು ಎಕರೆಗೂ ಜಾಸ್ತಿ ಜಾಗ. ಮೆಟ್ರೋ ಪಕ್ಕದಲ್ಲೇ. ಇಪ್ಪತ್ತು ವರ್ಷ ಯಾರೂ ಮುಟ್ಟದೆ ಮರಗಳು ದಟ್ಟವಾಗಿ ಬೆಳೆದಿವೆ. ಸರ್ಕಾರ ಅಲ್ಲಿ ಟ್ರೀ ಪಾರ್ಕ್ ಮಾಡುತ್ತೇವೆ ಅಂತ ಹೇಳಿದೆ. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ.

ಮುಂಬಯಿಗೆ ಸಿಗದ ಭಾಗ್ಯ ನಮಗೆ ಇಲ್ಲಿ ಸಿಕ್ಕಿದೆ. ಜಮೀನು ಜನರದ್ದು. ಒಂದೊಂದು ತುಂಡು ಒಂದೊಂದು ಕೆಲಸಕ್ಕೆ ಅಂತ ಹರಿದು ಹಂಚದಿದ್ದರೆ ಸಾಕು. ಆ ಶೆಡ್ಡುಗಳನ್ನು ಪೂರ್ತಿ ಕೆಡವದೆ ಒಂದೆರಡನ್ನಾದರೂ ಕ್ರೇನ್ ಸಮೇತ ಉಳಿಸಿ. ಅಲ್ಲಿನ ಮರಗಳನ್ನು ಕಡಿದು ಹೊಸ ಗಿಡ ನೆಡುವ ತಪ್ಪು ಮಾಡಬೇಡಿ. ಟಿಕೆಟ್ ಬೇಡ, ಸುತ್ತಲಿನ ಗಲ್ಲಿಗಳಿಂದ ಒಳಗೆ ಬರಲು ನಾಲ್ಕೈದು ಬಾಗಿಲು ಇರಲಿ.

ಆದರೆ ಮೊದಲು ಮಣ್ಣು ಪರೀಕ್ಷೆ. ನಮ್ಮಪ್ಪನ ಟವೆಲ್ಲಿನ ಎಣ್ಣೆ ನೆನಪಿದೆಯಾ? ಅದು ಬರೀ ಮಿಷನ್ ಎಣ್ಣೆ. ಟ್ರಾನ್ಸ್‌ಫಾರ್ಮರ್ ಎಣ್ಣೆಯ ಕಥೆ ಬೇರೆ. ಹಳೇ ಕಾಲದಲ್ಲಿ ಲೋಕದ ಎಷ್ಟೋ ಕಡೆ ಆ ಎಣ್ಣೆಗೆ ಪಿಸಿಬಿ ಅನ್ನುವ ರಾಸಾಯನಿಕ ಬಳಸುತ್ತಿದ್ದರು. ಮಣ್ಣಿಗೆ ಸೇರಿದರೆ ದಶಕಗಟ್ಟಲೆ ಕರಗುವುದಿಲ್ಲ, ಮೈಗೆ ಸೇರಿದರೆ ಕೊಬ್ಬಿನಲ್ಲಿ ಉಳಿಯುತ್ತದೆ. 2001ರ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಲೋಕವೇ ಸೇರಿ ತೊಲಗಿಸಬೇಕು ಅಂತ ಹೇಳಿದ ವಿಷಗಳಲ್ಲಿ ಅದೂ ಒಂದು. ಬೈಯಪ್ಪನಹಳ್ಳಿಯ ಮಣ್ಣಿನಲ್ಲಿ ಅದು ಇದೆ ಅಂತ ನಾನು ಹೇಳುತ್ತಿಲ್ಲ. ಮಕ್ಕಳು ಆಡುವ ಜಾಗ ಆಗುವ ಮೊದಲು ಅಗೆದು ನೋಡಿ, ನೋಡಿದ್ದನ್ನು ಎಲ್ಲರಿಗೂ ಕನ್ನಡದಲ್ಲಿ ತಿಳಿಸಿ ಅಂತ ಕೇಳುತ್ತಿದ್ದೇನೆ.

ಎಲ್ಲಿ ಅಗೆಯಬೇಕು ಅನ್ನುವುದಕ್ಕೆ ನಕ್ಷೆ ಸಾಲದು. ಯಾವ ಶೆಡ್ಡಿನಲ್ಲಿ ಎಣ್ಣೆ ತುಂಬುತ್ತಿದ್ದರು, ಸೋರಿದ್ದನ್ನು ಯಾವ ಕಡೆಗೆ ತೊಳೆದು ಬಿಡುತ್ತಿದ್ದರು, ಹಳೇ ಡ್ರಮ್ಮುಗಳನ್ನು ಯಾವ ಗೋಡೆಯ ಹಿಂದೆ ಇಡುತ್ತಿದ್ದರು, ಇವೆಲ್ಲ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ. 1965ರಲ್ಲಿ ಇಪ್ಪತ್ತು ವರ್ಷದ ಹುಡುಗನಾಗಿ ಸೇರಿದವರಿಗೆ ಈಗ ಎಂಬತ್ತು ದಾಟಿದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ, ಯಾರ ಬೀದಿಯಲ್ಲಾದರೂ ಅಂಥವರು ಇದ್ದರೆ ದಯವಿಟ್ಟು ಈ ವಾರವೇ ಹೋಗಿ ಮಾತಾಡಿಸಿ. ಒಂದು ಬಿಳಿ ಹಾಳೆ ಕೊಟ್ಟು ಗೇಟಿನಿಂದ ಶುರುಮಾಡಿ ತಮ್ಮ ಕಾರ್ಖಾನೆಯ ಚಿತ್ರ ಬರೆಯಲು ಹೇಳಿ. ನಮ್ಮಪ್ಪನ ಹತ್ತಿರ ನಾನು ಅದನ್ನು ಬರೆಸಿಕೊಳ್ಳಲಿಲ್ಲ.